ಪುಕ್ಕಟೆ ನೆಲದ ಪೈಪೋಟಿ

2011ರ ಜನವರಿಯಲ್ಲಿ ಕ್ಯಾಲಿಫೋರ್ನಿಯಾದ ಲಾರೆನ್ಸ್ ಬರ್ಕ್ಲಿ ರಾಷ್ಟ್ರೀಯ ಪ್ರಯೋಗಾಲಯ ಒಂದು ಪ್ರಕಟಣೆ ಹೊರಡಿಸಿತು: ನಮಗೆ ಎರಡನೆಯ ಕ್ಯಾಂಪಸ್ ಬೇಕಾಗಿದೆ, ಜಾಗ ಇರುವವರು ಮುಂದೆ ಬರಬಹುದು. ಸ್ಯಾನ್ ಫ್ರಾನ್ಸಿಸ್ಕೊ ಕೊಲ್ಲಿಯ ಪೂರ್ವ ದಂಡೆಯ ಊರುಗಳು ಅಲ್ಲಿಂದ ಮುಂದಿನ ಒಂದು ವರ್ಷ ಕಳೆದ ರೀತಿಯನ್ನು ಈಗ ನೆನೆಸಿಕೊಂಡರೆ, ಆಗ ತೀರಾ ಸಹಜವೆನಿಸಿದ್ದ ಎಷ್ಟೋ ಸಂಗತಿಗಳು ವಿಚಿತ್ರವಾಗಿ ಕಾಣುತ್ತವೆ. ಒಂದೊಂದು ಊರಿನಲ್ಲೂ ಸಭೆ, ಒಂದೊಂದು ಸಭೆಯಲ್ಲೂ ಪ್ರಯೋಗಾಲಯದವರ ಮುಂದೆ ತಮ್ಮೂರಿನ ಗುಣಗಾನ. ಕುದುರೆ ಜೂಜಿನಲ್ಲಿ ಮಾಡುವಂತೆ, ಯಾವ ಊರು ಮುಂದಿದೆ, ಯಾವುದು ಹಿಂದೆ ಬಿದ್ದಿದೆ ಎಂಬ ಲೆಕ್ಕಾಚಾರ. (ಪಟ್ಟಿಯಲ್ಲಿದ್ದ ಒಂದು ಜಾಗ ನಿಜಕ್ಕೂ ಕುದುರೆ ಜೂಜಿನ ಮೈದಾನವಾಗಿತ್ತು ಎಂಬುದು ಬೇರೆ ಮಾತು.) ಆ ಕ್ಯಾಂಪಸ್ಸಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಪ್ರಶ್ನೆ ಮಾತ್ರ ಈ ಗದ್ದಲದಲ್ಲಿ ಹಿಂದಿನ ಸಾಲಿನಲ್ಲೇ ಕೂತಿತ್ತು. ಆ ವರ್ಷದ ನೆನಪುಗಳನ್ನೂ ನಂತರದ ಹತ್ತು ಹನ್ನೆರಡು ವರ್ಷಗಳ ಬೆಳವಣಿಗೆಯನ್ನೂ ಒಟ್ಟಿಗೆ ಇಟ್ಟು ನೋಡಿದಾಗ ನನಗೆ ಅನ್ನಿಸುವುದು ಇಷ್ಟು: ಕಟ್ಟುವ ಹಣ ಕೈಗೆ ಬರುವ ಮುಂಚೆಯೇ ಸಂಸ್ಥೆಯೊಂದು ನೆಲ ಕೇಳಿದರೆ, ಆ ನೆಲದ ಪೈಪೋಟಿಯಲ್ಲಿ ಸಂಸ್ಥೆ ಕಳೆದುಕೊಳ್ಳುವುದು ಏನೂ ಇಲ್ಲ, ಊರುಗಳಿಗೆ ಮಾತ್ರ ಅದು ದುಬಾರಿ, ಗೆದ್ದ ಊರಿಗೂ ಸೇರಿ. ಸೇನೆ ಬಿಟ್ಟುಹೋದ ನೆಲ ಇಟ್ಟುಕೊಂಡ ಊರಂತೂ ಈ ಆಟಕ್ಕೆ ಎಲ್ಲರಿಗಿಂತ ಬೇಗ ಇಳಿಯುತ್ತದೆ.

ಪ್ರಯೋಗಾಲಯವೇನೋ ದೊಡ್ಡದೇ. ಅರ್ನೆಸ್ಟ್ ಲಾರೆನ್ಸ್ 1931ರಲ್ಲಿ ತನ್ನ ಸೈಕ್ಲೋಟ್ರಾನ್ ಯಂತ್ರದ ಸುತ್ತ ಕಟ್ಟಿದ ಸಂಸ್ಥೆ ಅದು. ದುಡ್ಡು ಅಮೆರಿಕದ ಇಂಧನ ಇಲಾಖೆಯದು, ಆಡಳಿತ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದು. ಬರ್ಕ್ಲಿಯ ಗುಡ್ಡದ ಮೇಲೆ ಜಾಗ ಸಾಲದೆ ಕೆಲವು ವಿಭಾಗಗಳು ಬಾಡಿಗೆ ಕಟ್ಟಡಗಳಿಗೆ ಚದುರಿಹೋಗಿದ್ದವು: ಜೈವಿಕ ಇಂಧನದವರು ಎಮರಿವಿಲ್‌ನಲ್ಲಿ, ಜೀನೋಮ್ ಸಂಸ್ಥೆಯವರು ಗುಡ್ಡದಾಚೆಯ ವಾಲ್ನಟ್ ಕ್ರೀಕ್‌ನಲ್ಲಿ, ಜೀವವಿಜ್ಞಾನದ ಇನ್ನೊಂದಿಷ್ಟು ಜನ ಪಶ್ಚಿಮ ಬರ್ಕ್ಲಿಯಲ್ಲಿ. ಹೀಗೆ ಚದುರಿದ ಸುಮಾರು 800 ಜನರನ್ನು ಒಂದೇ ಕಡೆ ಸೇರಿಸಬೇಕು, ಮುಂದೆ ಹಂತ ಹಂತವಾಗಿ 20 ಲಕ್ಷ ಚದರ ಅಡಿಯವರೆಗೂ ಬೆಳೆಯಲು ಜಾಗ ಇರಬೇಕು, ಗುಡ್ಡದಿಂದ ಕಾರಿನಲ್ಲಿ 20-25 ನಿಮಿಷಕ್ಕಿಂತ ದೂರ ಇರಬಾರದು. ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಸುಮಾರು ಇಪ್ಪತ್ತು ಕಡೆಯಿಂದ ಉತ್ತರ ಬಂತು. ಮೇ ತಿಂಗಳ ಹೊತ್ತಿಗೆ ಆರು ಜಾಗಗಳು ಉಳಿದವು. ಅವುಗಳಲ್ಲಿ ಒಂದು, ಸುಮಾರು 74 ಸಾವಿರ ಜನಸಂಖ್ಯೆಯ ದ್ವೀಪನಗರ ಅಲಮೀಡಾದ ಪಶ್ಚಿಮ ತುದಿ. ನೌಕಾಪಡೆಯ ವಿಮಾನನೆಲೆ ಇದ್ದ ಜಾಗ ಅದು.

ಈ ನೆಲೆಗೆ ದೊಡ್ಡ ಚರಿತ್ರೆಯೇ ಇದೆ. 1940ರಲ್ಲಿ ಶುರುವಾಯಿತು. 1942ರ ಏಪ್ರಿಲ್‌ನಲ್ಲಿ ಅಮೆರಿಕದ ಸೇನಾಧಿಕಾರಿ ಡೂಲಿಟಲ್‌ನ ತಂಡ ತನ್ನ ಹದಿನಾರು ಬಿ-25 ಬಾಂಬರುಗಳನ್ನು ಹಾರ್ನೆಟ್ ಹಡಗಿಗೆ ಏರಿಸಿದ್ದು ಇಲ್ಲಿಯ ಕಟ್ಟೆಯಲ್ಲೇ. ಅದೇ ತಿಂಗಳು ಅವು ಟೋಕಿಯೊ ಮೇಲೆ ಹಾರಿದವು. ಯುದ್ಧ ಮುಗಿದ ಮೇಲೂ ದಶಕಗಳ ಕಾಲ ನೌಕಾಪಡೆಯ ವಿಮಾನಗಳನ್ನು ಬಿಚ್ಚಿ, ರಿಪೇರಿ ಮಾಡಿ, ಬಣ್ಣ ಹೊಡೆದು ಕಳಿಸುವ ಕಾರ್ಖಾನೆ ಇಲ್ಲಿ ನಡೆಯುತ್ತಿತ್ತು, ಊರಿನ ಸಾವಿರಾರು ಮನೆಗಳ ಅನ್ನ ಅಲ್ಲಿಂದಲೇ ಬರುತ್ತಿತ್ತು. ಶೀತಲ ಸಮರ ಮುಗಿದದ್ದೇ ಅಮೆರಿಕ ನೆಲೆಗಳನ್ನು ಮುಚ್ಚತೊಡಗಿತು. 1993ರಲ್ಲಿ ಅಲಮೀಡಾದ ಹೆಸರು ಪಟ್ಟಿಗೆ ಸೇರಿತು, 1997ರ ಏಪ್ರಿಲ್‌ನಲ್ಲಿ ಬಾಗಿಲು ಬಿತ್ತು. ಎದುರಿಗೆ ಸ್ಯಾನ್ ಫ್ರಾನ್ಸಿಸ್ಕೊ ನಗರದ ಇಡೀ ಸಾಲು ಕಾಣುವ ಅಷ್ಟು ದೊಡ್ಡ ಸಮತಟ್ಟು ನೆಲ, ಹ್ಯಾಂಗರುಗಳು, ರನ್‌ವೇಗಳು, ಬ್ಯಾರಕ್ಕುಗಳು ಎಲ್ಲ ಒಂದೇ ಏಟಿಗೆ ಊರಿನ ಪಾಲಿನ ಆಸೆಯೂ ಆದವು, ತಲೆನೋವೂ ಆದವು.

ಹದಿನಾಲ್ಕು ವರ್ಷ ಕಳೆದರೂ ಆ ಆಸೆ ಕೈಗೂಡಿರಲಿಲ್ಲ ಎಂಬುದನ್ನು ಮರೆತರೆ 2011ರ ಉತ್ಸಾಹ ಅರ್ಥವಾಗುವುದಿಲ್ಲ. ನೌಕಾಪಡೆ ಆ ನೆಲಕ್ಕೆ 10.85 ಕೋಟಿ ಡಾಲರ್ ಬೆಲೆ ಹೇಳಿತ್ತು. ಸನ್‌ಕ್ಯಾಲ್ ಎಂಬ ಕಂಪನಿ ಸಾವಿರಾರು ಮನೆ ಕಟ್ಟುವ ಯೋಜನೆ ತಂದಿತ್ತು. 2010ರ ಫೆಬ್ರವರಿಯಲ್ಲಿ ಅದು ಜನರ ಮತಕ್ಕೆ ಬಂದಾಗ ನೂರಕ್ಕೆ ಸುಮಾರು 85 ಮತದಾರರು ಬೇಡವೆಂದರು. ಅದಾಗಿ ವರ್ಷ ತುಂಬುವುದರೊಳಗೆ ಪ್ರಯೋಗಾಲಯದ ಪ್ರಕಟಣೆ ಬಂತು. ಮನೆ ಬೇಡ ಎಂದವರಿಗೂ ಬೇಕು ಎಂದವರಿಗೂ ವಿಜ್ಞಾನಿಗಳು ಬರುತ್ತಾರೆಂದರೆ ತಕರಾರಿರಲಿಲ್ಲ. ವಿಜ್ಞಾನಿಗಳು ಗದ್ದಲ ಮಾಡುವುದಿಲ್ಲ, ಹೊಗೆ ಬಿಡುವುದಿಲ್ಲ, ಸಂಬಳ ಚೆನ್ನಾಗಿದೆ. ಬೇರೆ ವಿಷಯಕ್ಕೆ ಕಚ್ಚಾಡುತ್ತಿದ್ದ ಊರು ಇದೊಂದರಲ್ಲಿ ಒಗ್ಗಟ್ಟಾಯಿತು. ಜಾಗವನ್ನು ಪುಕ್ಕಟೆ ಕೊಡುತ್ತೇವೆ ಎಂದು ನಗರಸಭೆ ಹೇಳಿತು. ಆದರೆ ಹಾಗೆ ಹೇಳಿದಾಗ ಆ ನೆಲ ಇನ್ನೂ ನೌಕಾಪಡೆಯ ಹೆಸರಿನಲ್ಲೇ ಇತ್ತು. ಬೆಲೆಯಿಲ್ಲದೆ ಬಿಟ್ಟುಕೊಡಲು ನೌಕಾಪಡೆ ತಾತ್ವಿಕವಾಗಿ ಒಪ್ಪಿದ್ದು ಅದೇ 2011ರಲ್ಲಿ. ನೀರಿನಡಿಯ ನೆಲವೂ ಸೇರಿ ಸುಮಾರು 1,400 ಎಕರೆ ಊರಿನ ಕೈಸೇರಿದ್ದು 2013ರ ಜೂನ್‌ನಲ್ಲಿ. ತನ್ನದಾಗದ ನೆಲವನ್ನು ಊರು, ಹಣ ಮಂಜೂರಾಗದ ಕ್ಯಾಂಪಸ್ಸಿಗೆ ದಾನ ಮಾಡಲು ನಿಂತಿತ್ತು. ಕೂಸು ಹುಟ್ಟುವ ಮುಂಚೆ ಕುಲಾವಿ ಹೊಲಿಸಿದರು ಎನ್ನುತ್ತೇವಲ್ಲ, ಇಲ್ಲಿ ಬಟ್ಟೆಯೂ ಇನ್ನೂ ಅಂಗಡಿಯಲ್ಲೇ ಇತ್ತು.

ಪುಕ್ಕಟೆ ಎಂಬ ಮಾತನ್ನು ನಾವು ಆಗ ಸ್ವಲ್ಪ ಹತ್ತಿರ ಹೋಗಿ ನೋಡಬೇಕಿತ್ತು. ನೆಲೆಯ ಕಾರ್ಖಾನೆಯಲ್ಲಿ ವಿಮಾನದ ಮೀಟರುಗಳ ಮುಳ್ಳು, ಅಂಕಿಗಳಿಗೆ ಕತ್ತಲಲ್ಲಿ ಹೊಳೆಯುವ ಬಣ್ಣ ಬಳಿಯುವ ಕೋಣೆಗಳಿದ್ದವು. ಆ ಬಣ್ಣದಲ್ಲಿ ಇದ್ದದ್ದು ರೇಡಿಯಂ. ಕುಂಚ ತೊಳೆದ ನೀರು, ಕೋಣೆ ತೊಳೆದ ನೀರು ನೆಲದಡಿಯ ಚರಂಡಿ ಕೊಳವೆಗಳಲ್ಲಿ ಹರಿದು, ಸಮುದ್ರವಿಮಾನಗಳು ಇಳಿಯುತ್ತಿದ್ದ ಕಡಲ ಕೊಳದ ಕೆಸರು ಸೇರಿತು. ರೇಡಿಯಂ-226 ಅರ್ಧದಷ್ಟು ಕ್ಷಯಿಸಬೇಕಾದರೆ 1,600 ವರ್ಷ ಬೇಕು. ಕೊಳವೆಯನ್ನೇ ಅಗೆದು ತೆಗೆಯಬೇಕು, ಕೆಸರನ್ನೇ ಎತ್ತಿ ಸಾಗಿಸಬೇಕು. ಇದರ ಜೊತೆಗೆ ವಿಮಾನ ತೊಳೆದ ರಾಸಾಯನಿಕಗಳು, ಸೋರಿದ ಇಂಧನ. 1999ರಲ್ಲಿ ಅಮೆರಿಕ ಸರ್ಕಾರ ಇಡೀ ಜಾಗವನ್ನು ದೇಶದ ಅತಿ ಕಲುಷಿತ ತಾಣಗಳ ಸೂಪರ್‌ಫಂಡ್ ಪಟ್ಟಿಗೆ ಸೇರಿಸಿತು. ಶುದ್ಧ ಮಾಡುವ ಹೊಣೆ ನೌಕಾಪಡೆಯದೇ, ನಿಜ. ಆದರೆ ಅದು ಯಾವಾಗ ಮುಗಿಯುತ್ತದೆ ಎಂಬುದು ನೌಕಾಪಡೆಯ ಕ್ಯಾಲೆಂಡರಿಗೆ ಬಿಟ್ಟ ವಿಷಯ. ಇನ್ನು ನೀರು, ಒಳಚರಂಡಿ, ವಿದ್ಯುತ್ತಿನ ಜಾಲ ಎಲ್ಲವೂ ಸೇನೆಯ ಕಾಲದ್ದು, ಹಳತು. ಊರಿನ ಆ ತುದಿಯಿಂದ ಓಕ್‌ಲ್ಯಾಂಡ್ ಕಡೆಗೆ ಹೋಗಲು ಇದ್ದದ್ದು ನೀರಿನಡಿಯ ಎರಡು ಸುರಂಗಗಳು ಮಾತ್ರ: 1928ರ ಪೋಸಿ, 1963ರ ವೆಬ್‌ಸ್ಟರ್. ಬೆಳಗಿನ ಹೊತ್ತಿನಲ್ಲಿ 25 ನಿಮಿಷದ ಷರತ್ತು ಆ ಸುರಂಗದ ಬಾಯಲ್ಲೇ ಸಿಕ್ಕಿಕೊಳ್ಳುತ್ತಿತ್ತು.

ಖಾಲಿ ನೆಲ ಎನ್ನುವುದೂ ಹಾಗೆಯೇ. ವಿಮಾನ ಹಾರದ ರನ್‌ವೇಯ ಪಕ್ಕದಲ್ಲಿ ವರ್ಷವರ್ಷವೂ ಲೀಸ್ಟ್ ಟರ್ನ್ ಎಂಬ ಪುಟ್ಟ ಕಡಲಹಕ್ಕಿಗಳು ಬಂದು ಮೊಟ್ಟೆ ಇಡುತ್ತವೆ. ಅಳಿವಿನಂಚಿನ ಹಕ್ಕಿ, ಕಾನೂನಿನ ರಕ್ಷಣೆ ಇದೆ. ಗೂಡು ಎಂದರೆ ಜಲ್ಲಿ ಮರಳಿನಲ್ಲಿ ಕಾಲಿನಿಂದ ಕೆದರಿದ ಒಂದು ತಗ್ಗು, ಅಷ್ಟೆ. ಮರಿಗಳಿಗೆ ಬಿಸಿಲು ತಾಗದಿರಲಿ, ಗಿಡುಗ ಎತ್ತಿಕೊಂಡು ಹೋಗದಿರಲಿ ಎಂದು ಸ್ವಯಂಸೇವಕರು ಮರದ ಹಲಗೆಯ ಪುಟ್ಟ ಮಾಡುಗಳನ್ನು ಇಡುತ್ತಾರೆ, ಸಿಂಪಿ ಚಿಪ್ಪು ಹರಡುತ್ತಾರೆ. ಹತ್ತು ಎಕರೆಗೂ ಕಡಿಮೆ ಇರುವ ಈ ಹಕ್ಕಿಬೀಡು ಸುತ್ತಲಿನ ನೂರಾರು ಎಕರೆಯಲ್ಲಿ ಯಾವ ಎತ್ತರಕ್ಕೆ ಕಟ್ಟಬಹುದು, ಎಷ್ಟು ದೀಪ ಹಾಕಬಹುದು ಎಂಬುದನ್ನು ತೀರ್ಮಾನಿಸುವ ಶಕ್ತಿ ಹೊಂದಿತ್ತು. ನಕ್ಷೆಯಲ್ಲಿ ಬಿಳಿಯಾಗಿ ಕಾಣುವ ಜಾಗವನ್ನು ಖಾಲಿ ಎಂದು ತಿಳಿಯುವುದು ಸೇನಾಭೂಮಿಯ ವಿಷಯದಲ್ಲಿ ಎಲ್ಲ ಕಡೆಯೂ ನಡೆಯುವ ಎಡವಟ್ಟು.

ನಮ್ಮ ಚಳ್ಳಕೆರೆಯಲ್ಲೂ ಇದೇ ನಡೆದಿದೆ. ಚಿಕ್ಕದೇವರಾಜ ಒಡೆಯರ ಕಾಲದ ಬೆಣ್ಣೆ ಚಾವಡಿ ಎಂಬ ದನಗಳ ಇಲಾಖೆಯನ್ನು ಟಿಪ್ಪು ಅಮೃತ ಮಹಲ್ ಎಂದು ಕರೆದ; ಅದರ ಎತ್ತುಗಳು ಎಳೆದದ್ದು ಫಿರಂಗಿ, ಹೊತ್ತದ್ದು ಸೈನ್ಯದ ಸಾಮಾನು. 1799ರ ನಂತರ ಬ್ರಿಟಿಷರೂ ಅವನ್ನು ಅದೇ ಕೆಲಸಕ್ಕೆ ಇಟ್ಟುಕೊಂಡರು. ಆ ದನಗಳ ಮೇವಿಗೆ ಕಾದಿಟ್ಟ ಕಾವಲುಗಳು, ಸರಿಯಾಗಿ ಹೇಳುವುದಾದರೆ, ಸೇನಾಭೂಮಿಯೇ. ಈ ಶತಮಾನದ ಮೊದಲ ದಶಕದ ಕೊನೆಯ ಹೊತ್ತಿಗೆ ಸರ್ಕಾರ ಅಲ್ಲಿಯ ಸಾವಿರಾರು ಎಕರೆಯನ್ನು ರಕ್ಷಣಾ ಸಂಶೋಧನೆ, ಅಣುಶಕ್ತಿ, ಬಾಹ್ಯಾಕಾಶ ಸಂಸ್ಥೆಗಳಿಗೆ ಹಂಚಿತು. ಭಾರತೀಯ ವಿಜ್ಞಾನ ಸಂಸ್ಥೆಯ ಪಾಲಿಗೆ 1,500 ಎಕರೆ ಬಂತು. ಎತ್ತುಗಳ ಸೈನ್ಯ ಯಾವತ್ತೋ ಮುಗಿದಿದ್ದರೂ ಸುತ್ತಲಿನ ಹಳ್ಳಿಗಳ ಕುರಿ, ದನ ಅಲ್ಲೇ ಮೇಯುತ್ತಿದ್ದವು. ಚಳ್ಳಕೆರೆಯ ಕಂಬಳಿಯ ಉಣ್ಣೆ ಆ ಹುಲ್ಲಿನಿಂದಲೇ ಬರುತ್ತಿತ್ತು. ಕಾಂಪೌಂಡು ಗೋಡೆ ಎದ್ದ ಮೇಲೆಯೇ ಜಗಳ ಹಸಿರು ನ್ಯಾಯಮಂಡಳಿಗೆ ಹೋದದ್ದು. ಅಲಮೀಡಾದಲ್ಲಿ ಕನಿಷ್ಠಪಕ್ಷ ಊರಿನವರನ್ನು ಮೊದಲೇ ಕೂರಿಸಿ ಕೇಳಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

2012ರ ಜನವರಿ 23ರಂದು ಫಲಿತಾಂಶ ಬಂತು. ಗೆದ್ದದ್ದು ಉತ್ತರದ ರಿಚ್ಮಂಡ್. ಅಲ್ಲಿ ಆಯ್ಕೆಯಾದ ಜಾಗ ಯಾರದು? 1950ರಿಂದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ್ದೇ ಆಗಿದ್ದ ಫೀಲ್ಡ್ ಸ್ಟೇಷನ್. ಪ್ರಯೋಗಾಲಯವನ್ನು ನಡೆಸುವ ವಿಶ್ವವಿದ್ಯಾಲಯ ತನ್ನ ಜಾಗವನ್ನೂ ಸ್ಪರ್ಧೆಗೆ ನಿಲ್ಲಿಸಿ, ಕೊನೆಗೆ ಅದನ್ನೇ ಆರಿಸಿಕೊಂಡಿತು. ಇದರಲ್ಲಿ ಮೋಸ ಇತ್ತು ಎಂದು ನಾನು ಹೇಳುವುದಿಲ್ಲ. ಎಲ್ಲ ಕಾಗದದ ಮೇಲೆ, ಬಹಿರಂಗವಾಗಿಯೇ ನಡೆಯಿತು. ಆದರೆ ಅಳೆಯುವವನೂ ಸ್ಪರ್ಧಿಯೂ ಒಂದೇ ಮನೆಯವರಾದ ಸ್ಪರ್ಧೆಯಲ್ಲಿ ಉಳಿದ ಐದು ಜಾಗಗಳು ಮಾಡಿದ್ದೇನು? ಒಂದು ಹೋಲಿಕೆಯ ಪಟ್ಟಿಯನ್ನು ತಮ್ಮ ಖರ್ಚಿನಲ್ಲಿ ತಯಾರಿಸಿಕೊಟ್ಟವು. ಅಧಿಕಾರಿಗಳ ತಿಂಗಳುಗಟ್ಟಲೆ ದುಡಿಮೆ, ಸಲಹೆಗಾರರ ಶುಲ್ಕ, ನಕ್ಷೆ, ಅಂದಾಜು, ಸಭೆ. ಮುಖ್ಯವಾಗಿ, ಒಂದು ಊರು ಎಷ್ಟರ ಮಟ್ಟಿಗೆ ಬಗ್ಗಬಹುದು ಎಂಬ ಮಾಹಿತಿ ಪುಕ್ಕಟೆಯಾಗಿ ಎದುರಿನವರ ಕೈ ಸೇರಿತು. ಅಂದಹಾಗೆ ರಿಚ್ಮಂಡ್‌ನ ಆ ಜಾಗವೂ ಹಸನಾದ ನೆಲವಲ್ಲ. ವಿಶ್ವವಿದ್ಯಾಲಯ ಕೊಳ್ಳುವ ಮುಂಚೆ ಅಲ್ಲಿ ಸಿಡಿಮದ್ದಿನ ಕ್ಯಾಪು ತಯಾರಿಸುವ ಕಾರ್ಖಾನೆ ಇತ್ತು. ಪಾದರಸ ಮಣ್ಣಿಗೆ ಇಳಿದಿತ್ತು.

ಇನ್ನು ಗೆಲುವಿನ ಕಥೆ. ರಿಚ್ಮಂಡ್ ಕಡಿಮೆ ನೊಂದ ಊರಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೈಸರ್ ಹಡಗುಕಟ್ಟೆಗಳಿಂದ 747 ಹಡಗು ಹೊರಬಿಟ್ಟ ಊರು. ಯುದ್ಧ ಮುಗಿದದ್ದೇ ಕಟ್ಟೆಗಳು ಮುಚ್ಚಿದವು, ಆಮೇಲೆ ಊರು ಬಡತನಕ್ಕೂ ಎಣ್ಣೆ ಶುದ್ಧೀಕರಣ ಘಟಕದ ಹೊಗೆಗೂ ಹೆಸರಾಯಿತು. ಪ್ರಯೋಗಾಲಯ ಬರುತ್ತದೆ ಎಂದಾಗ ಅಲ್ಲಿ ಎದ್ದ ಸಂತೋಷಕ್ಕೆ ಎರಡು ತಲೆಮಾರಿನ ಹಸಿವಿತ್ತು. 2013ರಲ್ಲಿ ಕೇಂದ್ರ ಸರ್ಕಾರದ ಖರ್ಚಿಗೆ ಸಾರಾಸಗಟು ಕತ್ತರಿ ಬಿತ್ತು, ಪ್ರಯೋಗಾಲಯದ ಕಟ್ಟಡಗಳ ಮಾತು ತಣ್ಣಗಾಯಿತು. 2014ರಲ್ಲಿ ಬರ್ಕ್ಲಿಯ ಕುಲಪತಿ ನಿಕೊಲಸ್ ಡಿರ್ಕ್ಸ್ ಅದೇ ಜಾಗಕ್ಕೆ ಇನ್ನೂ ದೊಡ್ಡ ಹೆಸರು ಇಟ್ಟರು: ಬರ್ಕ್ಲಿ ಗ್ಲೋಬಲ್ ಕ್ಯಾಂಪಸ್. ಪರದೇಶದ ವಿಶ್ವವಿದ್ಯಾಲಯಗಳು ಬಂದು ಜೊತೆಯಾಗುತ್ತವೆ ಎಂದರು. 2016ರ ಹೊತ್ತಿಗೆ ಬರ್ಕ್ಲಿಯ ಆಯವ್ಯಯದಲ್ಲಿ ಸುಮಾರು 15 ಕೋಟಿ ಡಾಲರ್ ಕೊರತೆ. ಆ ವರ್ಷದ ಆಗಸ್ಟ್‌ನಲ್ಲಿ ಯೋಜನೆ ಕೈಬಿಟ್ಟರು. ಜೀನೋಮ್ ಸಂಸ್ಥೆ ಕೊನೆಗೆ ಎಲ್ಲಿಗೆ ಹೋಯಿತು ಗೊತ್ತೇ? ಬರ್ಕ್ಲಿಯ ಅದೇ ಗುಡ್ಡಕ್ಕೆ. ಬೆವಟ್ರಾನ್ ಎಂಬ ಹಳೆಯ ದೈತ್ಯ ಯಂತ್ರವನ್ನು ಕೆಡವಿದ್ದರಿಂದ ತೆರವಾದ ಜಾಗದಲ್ಲಿ ಹೊಸ ಕಟ್ಟಡ ಎದ್ದಿತು, 2019ರಲ್ಲಿ ವಾಲ್ನಟ್ ಕ್ರೀಕ್‌ನವರು ಅಲ್ಲಿಗೆ ಬಂದರು. ಇಂಧನ ಇಲಾಖೆ ಒಂದು ಕಟ್ಟಡಕ್ಕೆ ಹಣ ಕೊಟ್ಟಿತು, ಕಟ್ಟಡ ಎದ್ದಿತು. ಹಣ ಬಂದ ಮೇಲೆ ಜಾಗ ಹುಡುಕಲು ಯಾವ ಊರಿನ ಪೈಪೋಟಿಯೂ ಬೇಕಾಗಲಿಲ್ಲ.

ಆರ್ಥಿಕ ಮುಗ್ಗಟ್ಟು ಯಾರ ಕೈಯಲ್ಲಿತ್ತು, ಫಲ ನೋಡಿ ಪ್ರಯತ್ನವನ್ನು ಹಳಿಯುವುದು ನ್ಯಾಯವೇ ಎಂದು ಕೇಳುವವರಿದ್ದಾರೆ. ಮಾತು ತೂಕದ್ದೇ. ಸಂಸತ್ತಿನ ಜಗಳ 2013ರಲ್ಲಿ ಯಾವ ತಿರುವು ಪಡೆಯುತ್ತದೆಂದು ಅಲಮೀಡಾದ ನಗರಸಭೆಗೆ ಕನಸು ಬೀಳಬೇಕಿರಲಿಲ್ಲ. ಆದರೆ ಹಣ ಇನ್ನೂ ಮಂಜೂರಾಗಿಲ್ಲ ಎಂಬ ಸಂಗತಿ 2011ರಲ್ಲೇ ಗೊತ್ತಿತ್ತು. ಕೊರತೆ ಬರುತ್ತದೋ ಇಲ್ಲವೋ ಎಂಬುದು ಅದೃಷ್ಟ. ಕೊರತೆ ಬಂದರೆ ನಷ್ಟ ಯಾರ ತಲೆಗೆ ಎಂಬುದು ಮಾತ್ರ ಮೊದಲೇ ತೀರ್ಮಾನವಾಗುವ ವಿಷಯ. ಆ ಸ್ಪರ್ಧೆಯ ನಿಯಮಗಳು ಅದನ್ನು ಪೂರ್ತಿಯಾಗಿ ಊರುಗಳ ತಲೆಗೆ ಕಟ್ಟಿದ್ದವು. ಪ್ರಯೋಗಾಲಯ ಇಂತಿಷ್ಟು ವರ್ಷದೊಳಗೆ ಕಟ್ಟುತ್ತೇನೆ ಎಂದು ಯಾರಿಗೂ ಬರೆದುಕೊಟ್ಟಿರಲಿಲ್ಲ. ಕಟ್ಟದೆ ಹೋದಾಗ ಅದಕ್ಕೆ ದಂಡವೂ ಬೀಳಲಿಲ್ಲ.

ಹಾಗಾದರೆ ಪೈಪೋಟಿಯೇ ಕೆಟ್ಟದ್ದೇ? ಅಲ್ಲವೆನ್ನಲು ಅದೇ ವರ್ಷ ದೇಶದ ಇನ್ನೊಂದು ತುದಿಯಲ್ಲಿ ಪುರಾವೆ ಸಿಗುತ್ತಿತ್ತು. ನ್ಯೂಯಾರ್ಕ್ ನಗರ ಎಂಜಿನಿಯರಿಂಗ್ ಕ್ಯಾಂಪಸ್ ಬೇಕೆಂದು 2011ರ ಜುಲೈಯಲ್ಲಿ ಸ್ಪರ್ಧೆ ಕರೆಯಿತು. ಇಲ್ಲಿ ಸ್ಪರ್ಧಿಗಳು ವಿಶ್ವವಿದ್ಯಾಲಯಗಳು, ಅಳೆಯುವವನು ನಗರ. ನಗರ ಮುಂದಿಟ್ಟ ಜಾಗಗಳಲ್ಲಿ ಹಳೆಯ ಸೇನಾಭೂಮಿಯೂ ಇತ್ತು: ಬ್ರೂಕ್ಲಿನ್ ನೌಕಾಂಗಳ, ಕರಾವಳಿ ಪಡೆ 1996ರಲ್ಲಿ ಬಿಟ್ಟುಹೋದ ಗವರ್ನರ್ಸ್ ದ್ವೀಪ. ನೆಲದ ಜೊತೆಗೆ ಮೂಲಸೌಕರ್ಯಕ್ಕೆ 10 ಕೋಟಿ ಡಾಲರ್ ಕೊಡುತ್ತೇನೆ, ನೀವೆಷ್ಟು ತರುತ್ತೀರಿ ತೋರಿಸಿ ಎಂದಿತು ನಗರ. ಡಿಸೆಂಬರಿನಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯ ಇಸ್ರೇಲಿನ ಟೆಕ್ನಿಯಾನ್ ಜೊತೆಗೂಡಿ, 35 ಕೋಟಿ ಡಾಲರ್ ದೇಣಿಗೆಯನ್ನು ಕೈಯಲ್ಲಿ ಹಿಡಿದುಕೊಂಡೇ ಗೆದ್ದಿತು. 2037ರೊಳಗೆ 20 ಲಕ್ಷ ಚದರ ಅಡಿ ಕಟ್ಟುವ ಹೊಣೆಯನ್ನೂ ಹೊತ್ತಿತು. 2017ರಲ್ಲಿ ಕ್ಯಾಂಪಸ್ ತೆರೆಯಿತು. ಅದು ಎದ್ದದ್ದು ರೂಸ್‌ವೆಲ್ಟ್ ದ್ವೀಪದ ಹಳೆಯ ಆಸ್ಪತ್ರೆಯ ಜಾಗದಲ್ಲಿ. ಸೇನಾಭೂಮಿಗಳು ಆ ಸಲ ಹಾಗೇ ಉಳಿದವು. ಗವರ್ನರ್ಸ್ ದ್ವೀಪಕ್ಕೆ ಒಂದು ಸಂಶೋಧನಾ ಕೇಂದ್ರ ಗೊತ್ತಾಗಲು 2023ರವರೆಗೆ ಕಾಯಬೇಕಾಯಿತು. ನ್ಯೂಯಾರ್ಕಿನಂಥ ಸಿರಿವಂತ ನಗರಕ್ಕೆ ಹೀಗೆ ಗತ್ತಿನಿಂದ ಕೇಳಲು ಆಗುತ್ತದೆ, ಅಲಮೀಡಾದಂಥ ಸಣ್ಣ ಊರಿಗೆ ಆಗುತ್ತದೆಯೇ ಎಂದರೆ, ಹತ್ತು ಕೋಟಿ ಕೊಡಲು ಆಗದಿರಬಹುದು. ನಿಮ್ಮ ಹಣ ಎಲ್ಲಿದೆ ಎಂದು ಕೇಳಲು ಸಿರಿತನ ಬೇಕಿಲ್ಲ.

ಕೊಲ್ಲಿಯ ಆಚೆ ದಡದ ಮಿಷನ್ ಬೇ ಉದಾಹರಣೆಯನ್ನು ಆಗ ಎಲ್ಲರೂ ತೆಗೆಯುತ್ತಿದ್ದರು. ಸ್ಯಾನ್ ಫ್ರಾನ್ಸಿಸ್ಕೊದ ವೈದ್ಯಕೀಯ ವಿಶ್ವವಿದ್ಯಾಲಯಕ್ಕೆ 1990ರ ದಶಕದ ಕೊನೆಯಲ್ಲಿ ಒಂದು ಭೂಮಿ ಕಂಪನಿಯೂ ನಗರವೂ ಸೇರಿ 43 ಎಕರೆ ಪುಕ್ಕಟೆ ಕೊಟ್ಟವು; ರೈಲು ಯಾರ್ಡು ಇದ್ದ ಹಾಳು ಜಾಗ ಇಡೀ ದೇಶವೇ ತಿರುಗಿ ನೋಡುವ ಜೀವವಿಜ್ಞಾನದ ಕೇಂದ್ರವಾಯಿತು. ಪುಕ್ಕಟೆ ನೆಲ ಫಲ ಕೊಡುತ್ತದೆ ಎಂಬುದಕ್ಕೆ ಇದಕ್ಕಿಂತ ಸಾಕ್ಷಿ ಬೇಕೇ? ಆದರೆ ಆ ವಿಶ್ವವಿದ್ಯಾಲಯ ತನ್ನ ಹಳೆಯ ಗುಡ್ಡದ ಮೇಲೆ ಬೆಳೆಯುವಂತೆಯೇ ಇರಲಿಲ್ಲ. ನೆರೆಹೊರೆಯವರ ವಿರೋಧದಿಂದ ಕಟ್ಟಡಗಳ ವಿಸ್ತೀರ್ಣಕ್ಕೆ ಮಿತಿ ಬಿದ್ದಿತ್ತು. ಹೊರಗೆ ಹೋಗುವುದು ಅದಕ್ಕೆ ಅನಿವಾರ್ಯ. ಬರ್ಕ್ಲಿಯ ಪ್ರಯೋಗಾಲಯಕ್ಕೆ ಗುಡ್ಡದ ಮೇಲೆ ಬೆವಟ್ರಾನ್ ಜಾಗ ಕಾದಿತ್ತು. ಭೂಮಿ ಕೊಟ್ಟ ಕಂಪನಿಗೂ ಅಕ್ಕಪಕ್ಕದಲ್ಲಿ ನೂರಾರು ಎಕರೆ ತನ್ನದೇ ಇದ್ದುದರಿಂದ ದಾನದ ಲಾಭ ಮರಳಿ ಅದರ ಜೇಬಿಗೇ ಬರುತ್ತಿತ್ತು. ಇದೇ ಕ್ಯಾಲಿಫೋರ್ನಿಯಾದಲ್ಲಿ ದಕ್ಷಿಣಕ್ಕೆ ಹೋದರೆ ಫೋರ್ಟ್ ಓರ್ಡ್ ಸಿಗುತ್ತದೆ. 1994ರಲ್ಲಿ ಸೇನೆ ಬಿಟ್ಟ ಆ ನೆಲದಲ್ಲಿ ರಾಜ್ಯ ವಿಶ್ವವಿದ್ಯಾಲಯದ ಒಂದು ಕ್ಯಾಂಪಸ್ ಮರುವರ್ಷವೇ ಶುರುವಾಗಿ ಇಂದಿಗೂ ಚೆನ್ನಾಗಿ ನಡೆಯುತ್ತಿದೆ. ಅದೇ ನೆಲದ ಇನ್ನೊಂದು ಭಾಗವನ್ನು ಸಂಶೋಧನಾ ಪಾರ್ಕಿಗೆಂದು ಪಡೆದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಯೋಜನೆ ಅಂದುಕೊಂಡಷ್ಟು ಬೆಳೆಯಲೇ ಇಲ್ಲ. ಒಂದೇ ನೆಲ, ಒಂದೇ ಉಡುಗೊರೆ, ಎರಡು ಬಗೆಯ ಫಲ. ಒಂದಕ್ಕೆ ವಿದ್ಯಾರ್ಥಿಗಳೂ ವರ್ಷವರ್ಷದ ಅನುದಾನವೂ ಇದ್ದವು, ಇನ್ನೊಂದು ಬರಲಿರುವ ಬಾಡಿಗೆದಾರರಿಗಾಗಿ ಕಾಯುತ್ತಿತ್ತು.

ಕನ್ನಡದ ಓದುಗರಿಗೆ ಇಲ್ಲಿ ಬೆಂಗಳೂರಿನ 371 ಎಕರೆ ನೆನಪಾಗದೆ ಇರದು. ಮೈಸೂರು ಸಂಸ್ಥಾನ ಟಾಟಾ ಅವರ ಸಂಸ್ಥೆಗೆ ನೆಲ ಕೊಟ್ಟಿತು, ಅದರಿಂದ ಬೆಂಗಳೂರಿನ ಹಣೆಬರಹವೇ ಬದಲಾಯಿತು ಎಂದು ನಾವು ಹೆಮ್ಮೆಯಿಂದ ಹೇಳಿಕೊಳ್ಳುತ್ತೇವೆ. ಹೇಳಿಕೊಳ್ಳೋಣ. ಆದರೆ ಕಾಲಕ್ರಮ ಗಮನಿಸಬೇಕು. ಜಮ್‌ಶೆಟ್‌ಜಿ ಟಾಟಾ ವರ್ಷಕ್ಕೆ ಒಂದೂಕಾಲು ಲಕ್ಷ ರೂಪಾಯಿ ಹುಟ್ಟುವ ಮುಂಬೈಯ ಆಸ್ತಿಯನ್ನು ಸಂಸ್ಥೆಗೆ ಎತ್ತಿಡುವುದಾಗಿ ಹೇಳಿದ್ದು ಮೊದಲು. ವಿಲಿಯಂ ರ‍್ಯಾಮ್ಸೆ 1900ರಲ್ಲಿ ದೇಶ ಸುತ್ತಿ ಬೆಂಗಳೂರು ಸೂಕ್ತ ಎಂದದ್ದು ಆಮೇಲೆ. ಮೈಸೂರು ನೆಲದ ಜೊತೆಗೆ ವರ್ಷಕ್ಕೆ 50 ಸಾವಿರ ರೂಪಾಯಿಯ ಅನುದಾನಕ್ಕೂ ಒಪ್ಪಿತು. ಕೊಟ್ಟವರಾಗಿ ಸಂಸ್ಥೆಯ ವ್ಯವಹಾರದಲ್ಲಿ ಮಾತನಾಡುವ ಹಕ್ಕನ್ನೂ ಉಳಿಸಿಕೊಂಡಿತು. 2015ರಲ್ಲಿ ಧಾರವಾಡ, ಮೈಸೂರು, ರಾಯಚೂರುಗಳ ನಡುವೆ ಐಐಟಿಗಾಗಿ ನಡೆದ ಜಗ್ಗಾಟದಲ್ಲೂ ಕೇಂದ್ರದ ಬಜೆಟ್ಟಿನಲ್ಲಿ ಘೋಷಣೆ ಮೊದಲೇ ಆಗಿತ್ತು. ಸೋತ ರಾಯಚೂರಿನ ನೋವು ಬೇರೆಯದು, ಅದು ನ್ಯಾಯದ ಪ್ರಶ್ನೆ. ಆದರೆ ಗೆದ್ದ ಧಾರವಾಡ ಗಾಳಿಯನ್ನು ಗೆದ್ದಿರಲಿಲ್ಲ.

ಅಲಮೀಡಾಕ್ಕೆ ಮತ್ತೆ ಬರುತ್ತೇನೆ. ಸೋತ ಮೇಲೆ ಆ ನೆಲ ಏನಾಯಿತು? ದೊಡ್ಡದೇನೂ ಒಮ್ಮೆಲೇ ಬರಲಿಲ್ಲ. ಮೊದಲೇ ಒಂದು ಹ್ಯಾಂಗರಿನಲ್ಲಿ ಸೇಂಟ್ ಜಾರ್ಜ್ ಎಂಬ ಮದ್ಯದ ಭಟ್ಟಿ ಇತ್ತು, ಅದರ ಹಿಂದೆ ಇನ್ನಷ್ಟು ಭಟ್ಟಿ, ಬಿಯರ್ ತಯಾರಕರು ಬಂದು ಆ ಬೀದಿಗೆ ಸ್ಪಿರಿಟ್ಸ್ ಆ್ಯಲಿ ಎಂಬ ಅಡ್ಡಹೆಸರು ಬಿತ್ತು. ಗಾಳಿಪಟದಿಂದ ವಿದ್ಯುತ್ ತೆಗೆಯುವ ಮಕಾನಿ ಕಂಪನಿ ಹಳೆಯ ಕಂಟ್ರೋಲ್ ಟವರಿನಲ್ಲಿ ಕೂತಿತ್ತು, 2020ರಲ್ಲಿ ಮುಚ್ಚಿತು. ಜೆಟ್ ಎಂಜಿನ್ ಪರೀಕ್ಷಿಸುತ್ತಿದ್ದ ಕಟ್ಟಡದಲ್ಲಿ ಆಸ್ಟ್ರಾ ಕಂಪನಿ ರಾಕೆಟ್ ಎಂಜಿನ್ ಉರಿಸಿ ನೋಡಿತು. ಮನೆಯಿಲ್ಲದೆ ಬೀದಿಗೆ ಬಿದ್ದಿದ್ದ ಕುಟುಂಬಗಳು ಸೇನೆಯ ಹಳೆಯ ವಸತಿಗಳಲ್ಲಿ ಮೊದಲೇ ನೆಲೆಯಾಗಿದ್ದವು. ರನ್‌ವೇ ಕಡೆಯ 624 ಎಕರೆ ಮಾಜಿ ಸೈನಿಕರ ಇಲಾಖೆಗೆ ಹೋಯಿತು, ಹಕ್ಕಿಬೀಡು ಅದರೊಳಗೇ ಉಳಿಯಿತು. 2021ರಲ್ಲಿ ಸಮುದ್ರವಿಮಾನದ ಕೊಳದ ದಡದಿಂದ ಸ್ಯಾನ್ ಫ್ರಾನ್ಸಿಸ್ಕೊಗೆ ಹೊಸ ದೋಣಿ ನಿಲ್ದಾಣ ಶುರುವಾಯಿತು. ಸುರಂಗಕ್ಕೆ ಇನ್ನೊಂದು ಬದಲಿ ಸಿಕ್ಕಿದ್ದು ಹಾಗೆ.

ವೋಡ್ಕಾ ಭಟ್ಟಿಯನ್ನು ಜೀನೋಮ್ ಪ್ರಯೋಗಾಲಯಕ್ಕೆ ಸಮ ಎನ್ನುತ್ತೀರಾ ಎಂದು ಕೇಳಿದರೆ, ಇಲ್ಲ, ಅನ್ನುವುದಿಲ್ಲ. 800 ವಿಜ್ಞಾನಿಗಳು, ತಂತ್ರಜ್ಞರು ನಿಜವಾಗಿ ಬಂದಿದ್ದರೆ ಊರಿನ ತೆರಿಗೆ, ಶಾಲೆ, ಅಂಗಡಿ ಎಲ್ಲಕ್ಕೂ ಅದು ದೊಡ್ಡ ಬಲ. ಹಲವು ಸಣ್ಣ ಬಾಡಿಗೆದಾರರಿಂದ ಬರುವ ಕೆಲಸ ಅಷ್ಟು ಭದ್ರವೂ ಅಲ್ಲ. ಮಕಾನಿ ಬಾಗಿಲು ಹಾಕಿದ್ದೇ ಅದಕ್ಕೆ ಸಾಕ್ಷಿ. ಅದು ಮುಚ್ಚಿದಾಗ ಖಾಲಿಯಾದದ್ದು ಒಂದು ಗೋಪುರ. 1997ರಲ್ಲಿ ನೌಕಾಪಡೆ ಹೋದಾಗ ಖಾಲಿಯಾದದ್ದು ಊರಿನ ದೊಡ್ಡದೊಂದು ಭಾಗ. ಒಬ್ಬನೇ ದೊಡ್ಡ ಯಜಮಾನನನ್ನು ನಂಬಿ ಕೆಟ್ಟ ಊರು ಅವನ ಜಾಗಕ್ಕೆ ಇನ್ನೊಬ್ಬ ದೊಡ್ಡ ಯಜಮಾನನನ್ನು ಹುಡುಕುವುದು ಮನುಷ್ಯಸಹಜ. ಅದರಲ್ಲೂ ಆ ಯಜಮಾನ ವಿಜ್ಞಾನದ ಬಿಳಿಕೋಟು ತೊಟ್ಟಿದ್ದರೆ ಯಾರೂ ಬೇಡವೆನ್ನುವುದಿಲ್ಲ. ಹಾಗೆಂದು ಅಲಮೀಡಾ ನಷ್ಟವಿಲ್ಲದೆ ಪಾರಾಯಿತು ಎನ್ನುವಂತೆಯೂ ಇಲ್ಲ. ನೆಲ ಬಿಟ್ಟುಕೊಡುವಾಗ ನೌಕಾಪಡೆ ಹಾಕಿದ ಷರತ್ತಿನ ಪ್ರಕಾರ 1,425ಕ್ಕಿಂತ ಹೆಚ್ಚು ಮನೆ ಕಟ್ಟಿದರೆ ಮಾರುಕಟ್ಟೆ ದರದ ಒಂದೊಂದು ಮನೆಗೂ 50 ಸಾವಿರ ಡಾಲರ್ ತೆರಬೇಕಿತ್ತು. ಮನೆಗಿಂತ ಉದ್ಯೋಗವೇ ಬರಲಿ ಎಂಬ ಕಾಲದ ಒಪ್ಪಂದ ಅದು. ಕೆಲವೇ ವರ್ಷಗಳಲ್ಲಿ ಇಡೀ ಕೊಲ್ಲಿ ಪ್ರದೇಶ ಮನೆಗಾಗಿ ಪರದಾಡತೊಡಗಿತು. ಆದರೂ ಒಂದು ವ್ಯತ್ಯಾಸ ಉಳಿದೇ ಇದೆ. ರಿಚ್ಮಂಡ್‌ನ ಜಾಗ ರಾಜ್ಯದ ವಿಶ್ವವಿದ್ಯಾಲಯದ್ದು. ಅದರ ಶೈಕ್ಷಣಿಕ ಬಳಕೆಯ ನೆಲಕ್ಕೆ ಊರಿನ ಕಟ್ಟಡ ನಿಯಮಗಳು ಅನ್ವಯಿಸುವುದಿಲ್ಲ, ಅಲ್ಲಿ ಏನು ಬರಬೇಕು ಎಂಬುದನ್ನು ಗೆದ್ದ ನಗರಸಭೆ ಹೇಳುವಂತಿಲ್ಲ, ಕಾಯಬೇಕು. ಅಲಮೀಡಾದ ನಗರಸಭೆ ತನ್ನ ಪಾಲಿಗೆ ಬಂದ ನೆಲದ ಬಗ್ಗೆ ಇಂದಿಗೂ ಮಂಗಳವಾರ ಸಂಜೆ ಕೂತು ಜಗಳವಾಡಬಹುದು, ಗುತ್ತಿಗೆ ಕೊಡಬಹುದು, ವಾಪಸ್ ಪಡೆಯಬಹುದು.